ಗಾಳಿಯ ಲೆಕ್ಕ: ಕಲ್ಲಿದ್ದಲು ಗಣಿಯೊಳಗಿನ ಇನ್ನೂರು ವರ್ಷ

1842ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನ ಮುಂದೆ ಒಂದು ವರದಿ ಬಂತು. ಗಣಿಗಳಲ್ಲಿ ದುಡಿಯುವ ಮಕ್ಕಳ ಸ್ಥಿತಿಗತಿ ವಿಚಾರಿಸಲು ನೇಮಿಸಿದ್ದ ಆಯೋಗದ ವರದಿ ಅದು. ಅದರಲ್ಲಿ ಯಾರ್ಕ್‌ಶೈರಿನ ಗಾಬರ್ ಗಣಿಯ ಸಾರಾ ಗೂಡರ್ ಎಂಬ ಎಂಟು ವರ್ಷದ ಹುಡುಗಿಯ ಹೇಳಿಕೆ ಇದೆ. ಬೆಳಗಿನ ಜಾವ ನಾಲ್ಕಕ್ಕೆ, ಕೆಲವೊಮ್ಮೆ ಮೂರೂವರೆಗೇ ಗಣಿಗೆ ಇಳಿದು ಸಂಜೆ ಐದರ ಹೊತ್ತಿಗೆ ಹೊರಬರುತ್ತಿದ್ದಳು. ದೀಪವಿಲ್ಲದೆ ಒಂದು ಬಾಗಿಲ ಬಳಿ ಕೂತಿರುವುದೇ ಅವಳ ಕೆಲಸ. ಬೆಳಕಿದ್ದಾಗ ಹಾಡಿಕೊಳ್ಳುತ್ತೇನೆ, ಕತ್ತಲಲ್ಲಿ ಹಾಡಲು ಧೈರ್ಯ ಬರುವುದಿಲ್ಲ ಎಂಬರ್ಥದ ಮಾತನ್ನು ಅವಳು ಆಯೋಗದವರಿಗೆ ಹೇಳಿದ್ದಾಳೆ.

ಬಾಲಕಾರ್ಮಿಕ ಪದ್ಧತಿಯ ಚರಿತ್ರೆ ಬರೆಯುವವರು ಈ ಹೇಳಿಕೆಯನ್ನು ಮತ್ತೆ ಮತ್ತೆ ನೆನೆಯುತ್ತಾರೆ. ನನ್ನನ್ನು ಕಾಡುವುದು ಅದರೊಳಗಿನ ಇನ್ನೊಂದು ಪ್ರಶ್ನೆ. ಅಲ್ಲಿ ಬಾಗಿಲು ಯಾಕಿತ್ತು? ನೆಲದಡಿಯ ಸುರಂಗದಲ್ಲಿ ಬಾಗಿಲು ಹಾಕಿ, ಅದನ್ನು ತೆಗೆಯಲು ಮುಚ್ಚಲು ಒಂದು ಮಗುವನ್ನು ಕೂರಿಸುವ ಅಗತ್ಯ ಏನಿತ್ತು?

ಉತ್ತರ ಗಾಳಿಯಲ್ಲಿದೆ. ಗಣಿಯೊಳಗೆ ಬಂದ ಗಾಳಿ ಸುಲಭದ ದಾರಿ ಹುಡುಕುತ್ತದೆ. ಒಳಬಂದ ದಾರಿಯಿಂದ ಹೊರಹೋಗುವ ದಾರಿಗೆ ಹತ್ತಿರದ ಅಡ್ಡಹಾದಿ ಸಿಕ್ಕರೆ ಅಲ್ಲೇ ತಿರುಗಿಬಿಡುತ್ತದೆ. ಕಲ್ಲಿದ್ದಲು ಕಡಿಯುವವರು ಇರುವ ದೂರದ ತುದಿಯವರೆಗೆ ಹೋಗುವುದಿಲ್ಲ. ಅದಕ್ಕೇ ಅಡ್ಡಹಾದಿಗಳಿಗೆಲ್ಲ ಬಾಗಿಲು. ಕಲ್ಲಿದ್ದಲಿನ ಗಾಡಿ ಬಂದಾಗ ಮಾತ್ರ ತೆಗೆಯಬೇಕು, ಹೋದ ಕೂಡಲೇ ಮುಚ್ಚಬೇಕು. ‘ಟ್ರ್ಯಾಪರ್’ ಎಂದು ಕರೆಯುತ್ತಿದ್ದ ಆ ಮಗು ತೂಕಡಿಸಿ ಬಾಗಿಲು ತೆರೆದೇ ಉಳಿದರೆ, ಎಲ್ಲೋ ದೂರದಲ್ಲಿ ಗಾಳಿ ನಿಂತು ಮೀಥೇನ್ ಕೂಡಿಕೊಳ್ಳುತ್ತಿತ್ತು. ಗಣಿಯ ಅಷ್ಟೂ ಜನರ ಉಸಿರು ಒಬ್ಬ ಎಂಟು ವರ್ಷದವಳ ಎಚ್ಚರದ ಮೇಲೆ ನಿಂತಿತ್ತು.

ಗಣಿಗಳ ಗಾಳಿ ಸಂಚಾರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಪಿಎಚ್‌.ಡಿ. ಕೆಲಸದ ಭಾಗ. ಆ ಲೆಕ್ಕದಲ್ಲಿ ಸಾರಾಳ ಬಾಗಿಲು ಒಂದು ಗೆರೆ. ಗೆರೆಯ ಪಕ್ಕದಲ್ಲಿ ಒಂದು ಸಂಖ್ಯೆ. ಮುಚ್ಚಿದ್ದರೆ ದೊಡ್ಡ ಸಂಖ್ಯೆ, ತೆರೆದಿದ್ದರೆ ಸಣ್ಣದು. ಕತ್ತಲಲ್ಲಿ ಕೂತ ಮಗುವಿನಿಂದ ಪರದೆಯ ಮೇಲಿನ ಈ ಸಂಖ್ಯೆಯವರೆಗೆ ಬರಲು ಸುಮಾರು ನೂರಿಪ್ಪತ್ತು ವರ್ಷ ಹಿಡಿಯಿತು. ಆ ದಾರಿಯನ್ನು ಹೇಳುವುದು ಈ ಬರಹದ ಉದ್ದೇಶ.

ಬೆಂಕಿಯಿಂದ ಗಾಳಿ

ಕಲ್ಲಿದ್ದಲಿನ ಪದರದಲ್ಲಿ ಕೋಟ್ಯಂತರ ವರ್ಷಗಳಿಂದ ಮೀಥೇನ್ ಸೆರೆಯಾಗಿರುತ್ತದೆ. ಕಡಿದಂತೆಲ್ಲ ಅದು ಹೊರಬರುತ್ತದೆ. ಗಾಳಿಯಲ್ಲಿ ಅದರ ಪಾಲು ಸುಮಾರು ಶೇ. 5ರಿಂದ 15ರ ನಡುವೆ ಇದ್ದಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಆ ಸ್ಫೋಟ ನೆಲದ ಮೇಲಿನ ಕಲ್ಲಿದ್ದಲ ಪುಡಿಯನ್ನು ಎಬ್ಬಿಸಿದರೆ ಪುಡಿಯೇ ಹೊತ್ತಿಕೊಂಡು ಸುರಂಗದಿಂದ ಸುರಂಗಕ್ಕೆ ಓಡುತ್ತದೆ. ಹಾಗಾಗಿ ಗಣಿಯಲ್ಲಿ ಗಾಳಿ ಉಸಿರಾಟಕ್ಕೆ ಮಾತ್ರ ಬೇಕಾದದ್ದಲ್ಲ. ಅನಿಲವನ್ನು ತೆಳುಮಾಡಿ ಹೊರಗೆ ಸಾಗಿಸುವ ಹೊಳೆಯೂ ಅದೇ.

1812ರ ಮೇ 25ರಂದು ಇಂಗ್ಲೆಂಡಿನ ಈಶಾನ್ಯದ ಫೆಲಿಂಗ್ ಗಣಿಯಲ್ಲಿ ಸ್ಫೋಟವಾಗಿ 92 ಜನ ಸತ್ತರು. ಅವರಲ್ಲಿ ಅನೇಕರು ಹುಡುಗರು. ಅಲ್ಲಿನ ಪಾದ್ರಿ ಜಾನ್ ಹಾಡ್ಜ್‌ಸನ್ ಸತ್ತವರ ಹೆಸರು, ವಯಸ್ಸುಗಳ ಸಮೇತ ಘಟನೆಯ ವಿವರವನ್ನು ಅಚ್ಚು ಹಾಕಿಸಿದ. ಗಣಿ ಮಾಲೀಕರಿಗೆ ಇಂಥ ವಿಷಯ ಹೊರಗೆ ಹೋಗುವುದು ಇಷ್ಟವಿರದಿದ್ದ ಕಾಲ ಅದು. ಆ ಬರಹ ಎಬ್ಬಿಸಿದ ಕಳವಳವೂ ಸೇರಿ 1815ರ ಹೊತ್ತಿಗೆ ಹಂಫ್ರಿ ಡೇವಿಯ ಸುರಕ್ಷಾ ದೀಪ ಬಂತು. ಶಾಲೆಯ ಪಾಠಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತವೆ. ಆದರೆ ದೀಪ ಬಂದಮೇಲೆ ಸ್ಫೋಟಗಳು ನಿಲ್ಲಲಿಲ್ಲ. ಮೊದಲು ಹೋಗಲು ಹೆದರುತ್ತಿದ್ದ, ಅನಿಲ ತುಂಬಿದ ಜಾಗಗಳಿಗೂ ಈಗ ಜನರನ್ನು ಕಳಿಸಬಹುದಾಯಿತು. ದೀಪ ಅಪಾಯವನ್ನು ತೋರಿಸುತ್ತಿತ್ತು. ಅಪಾಯವನ್ನು ಹೊರಗೆ ಹಾಕಬೇಕಾದದ್ದು ಗಾಳಿ.

ಗಾಳಿಯ ವಿಷಯದಲ್ಲಿ ಅನುಭವಿಗಳ ಪ್ರಯೋಗ ಮುಂಚೆಯೇ ನಡೆದಿತ್ತು. 18ನೇ ಶತಮಾನದ ಎರಡನೇ ಅರ್ಧದಲ್ಲಿ ವೈಟ್‌ಹೇವನ್ನಿನ ಜೇಮ್ಸ್ ಸ್ಪೆಡಿಂಗ್ ಗಾಳಿಯನ್ನು ಬಾಗಿಲು, ಅಡ್ಡಗೋಡೆಗಳಿಂದ ತಡೆದು, ಒಂದೇ ಧಾರೆಯಾಗಿ ಗಣಿಯ ಮೂಲೆಮೂಲೆಗೂ ಸುತ್ತಾಡಿಸಿದ. ಒಳ್ಳೆಯ ಉಪಾಯವೇ. ಆದರೆ ಮೈಲಿಗಟ್ಟಲೆ ಸುತ್ತಿದ ಅದೇ ಗಾಳಿ ಕೊನೆಯವರನ್ನು ತಲುಪುವಾಗ ಮೊದಲಿನವರ ಅನಿಲವನ್ನೆಲ್ಲ ಹೊತ್ತಿರುತ್ತಿತ್ತು. 1810ರ ಸುಮಾರಿಗೆ ಜಾನ್ ಬಡ್ಲ್ ಬೇರೆ ದಾರಿ ಹಿಡಿದ: ಒಳಬಂದ ಗಾಳಿಯನ್ನು ಕವಲುಗಳಾಗಿ ಒಡೆದು ಗಣಿಯ ಬೇರೆ ಬೇರೆ ಭಾಗಗಳಿಗೆ ಹಂಚಿದ. ಕೆರೆಯ ನೀರನ್ನು ಒಂದೇ ಕಾಲುವೆಯಲ್ಲಿ ಎಲ್ಲ ಗದ್ದೆಗೂ ಹಾಯಿಸುವ ಬದಲು ತೂಬಿನ ಬಳಿಯೇ ಪಾಲು ಮಾಡಿದ ಹಾಗೆ. ಗಾಳಿ ಸಂಚಾರ ‘ಜಾಲ’ವಾದದ್ದು ಅಲ್ಲಿಂದ.

ಈ ಗಾಳಿಯನ್ನು ಎಳೆಯುತ್ತಿದ್ದದ್ದು ಬೆಂಕಿ. ಹೊರಹೋಗುವ ಶಾಫ್ಟಿನ ಬುಡದಲ್ಲಿ ದೊಡ್ಡ ಕುಲುಮೆ ಉರಿಸುತ್ತಿದ್ದರು. ಬಿಸಿಯಾದ ಗಾಳಿ ಮೇಲೇರಿದಂತೆ ಇನ್ನೊಂದು ಶಾಫ್ಟಿನಿಂದ ತಣ್ಣನೆಯ ಗಾಳಿ ಇಳಿದುಬರುತ್ತಿತ್ತು. ಸ್ಫೋಟಕ ಅನಿಲವನ್ನು ಹೊರಹಾಕಲು ಗಣಿಯ ತಳದಲ್ಲೇ ಬೆಂಕಿ! ಕೆಲವು ಕಡೆ ಎರಡು ಶಾಫ್ಟಿನ ಖರ್ಚು ಉಳಿಸಲು ಒಂದೇ ಶಾಫ್ಟಿನ ನಡುವೆ ಮರದ ತಟ್ಟಿ ಹಾಕಿ ಎರಡು ಭಾಗ ಮಾಡುತ್ತಿದ್ದರು. 1862ರ ಜನವರಿ 16ರಂದು ಹಾರ್ಟ್ಲಿ ಗಣಿಯಲ್ಲಿ ನೀರೆತ್ತುವ ಯಂತ್ರದ ಭಾರಿ ತೊಲೆ ಮುರಿದು ಅಂಥ ಏಕೈಕ ಶಾಫ್ಟಿನೊಳಗೆ ಬಿತ್ತು. ಹೊರಬರುವ ದಾರಿಯೂ ಗಾಳಿಯ ದಾರಿಯೂ ಒಟ್ಟಿಗೇ ಮುಚ್ಚಿಹೋದವು. 204 ಜನ ಸತ್ತರು. ಪ್ರತಿ ಗಣಿಗೂ ಕನಿಷ್ಠ ಎರಡು ದಾರಿ ಇರಬೇಕು ಎಂಬ ಕಾನೂನು ಅದೇ ವರ್ಷ ಬಂತು.

ಒಂದು ಸೂತ್ರ, ಬಹಳ ಕಾಯುವಿಕೆ

ಹಾರ್ಟ್ಲಿ ದುರಂತಕ್ಕೆ ಎಂಟು ವರ್ಷ ಮೊದಲೇ, 1854ರಲ್ಲಿ, ಜಾನ್ ಜಾಬ್ ಅಟ್ಕಿನ್ಸನ್ ಎಂಬ ಗಣಿ ಎಂಜಿನಿಯರ್ ನ್ಯೂಕ್ಯಾಸಲ್‌ನ ಗಣಿ ಎಂಜಿನಿಯರುಗಳ ಸಂಸ್ಥೆಯ ಮುಂದೆ ಗಾಳಿ ಸಂಚಾರದ ಸಿದ್ಧಾಂತದ ಬಗ್ಗೆ ಒಂದು ದೀರ್ಘ ಪ್ರಬಂಧ ಮಂಡಿಸಿದ. ಅದರ ಸಾರ ಇಷ್ಟು: ಪ್ರತಿ ಸುರಂಗಕ್ಕೂ ಗಾಳಿಯನ್ನು ತಡೆಯುವ ಒಂದು ಗುಣವಿದೆ, ಅದನ್ನು ‘ರೋಧ’ ಎನ್ನೋಣ. ಸುರಂಗ ಉದ್ದವಾದಷ್ಟೂ, ಇಕ್ಕಟ್ಟಾದಷ್ಟೂ, ಗೋಡೆ ಒರಟಾದಷ್ಟೂ ರೋಧ ಹೆಚ್ಚು. ಗಾಳಿಯನ್ನು ತಳ್ಳಲು ಬೇಕಾದ ಒತ್ತಡ, ಆ ರೋಧವನ್ನು ಗಾಳಿಯ ಪ್ರಮಾಣದ ವರ್ಗದಿಂದ ಗುಣಿಸಿದಷ್ಟು.

ಸೂತ್ರದ ಮುಖ್ಯ ವಿಷಯ ಆ ‘ವರ್ಗ’. ಒಂದು ಗಣಿಗೆ ಎರಡರಷ್ಟು ಗಾಳಿ ಬೇಕೆಂದರೆ ನಾಲ್ಕರಷ್ಟು ಒತ್ತಡ ಬೇಕು. ಯಂತ್ರದ ಶಕ್ತಿ ಎಂಟರಷ್ಟು ಬೇಕು. ಗಾಳಿ ಯಾವತ್ತೂ ಪುಕ್ಕಟೆಯಲ್ಲ. ಕಾರ್ಮಿಕರಿಗೆ ಎಷ್ಟು ಗಾಳಿ ಎಂಬ ಪ್ರಶ್ನೆಯ ಹಿಂದೆ ಎಷ್ಟು ಖರ್ಚು ಎಂಬ ಪ್ರಶ್ನೆ ಆಗಿನಿಂದಲೂ ಇದೆ.

ಮುಂದೆ ರೋಧದ ಮಾಪನಕ್ಕೆ ಅಟ್ಕಿನ್ಸನ್ನನ ಹೆಸರನ್ನೇ ಇಟ್ಟರು. ಆದರೆ ಅವನ ಕಾಲದಲ್ಲಿ ಈ ಸಿದ್ಧಾಂತವನ್ನು ಬಳಸಿದವರು ಕಡಿಮೆ. ಗಣಿಯವರು ಹಟಮಾರಿಗಳು, ಓದಿನ ಮೇಲೆ ನಂಬಿಕೆಯಿಲ್ಲದವರು ಎಂದು ಇದಕ್ಕೆ ಕಾರಣ ಕೊಡುವುದುಂಟು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಒಂದು ಸುರಂಗಕ್ಕೆ ಸೂತ್ರ ಸರಳ. ನೂರು ಸುರಂಗ ಒಂದಕ್ಕೊಂದು ಕೂಡಿದಾಗ ಅದೇ ಸೂತ್ರದಿಂದ ಉತ್ತರ ಪಡೆಯುವುದು ಆಗ ಬಹಳ ಕಷ್ಟವಾಗಿತ್ತು.

ಕಷ್ಟ ಎಲ್ಲಿದೆ ಎಂದು ತಿಳಿಯಲು ಒಂದು ಏಣಿಯನ್ನು ಊಹಿಸಿಕೊಳ್ಳಿ. ಎರಡು ಉದ್ದ ಕಂಬ, ನಡುವೆ ಒಂದೇ ಮೆಟ್ಟಿಲು. ಕಂಬಗಳ ಕೆಳತುದಿ ಎರಡೂ ಸೇರುವಲ್ಲಿ ಗಾಳಿ ಒಳಬರುತ್ತದೆ, ಮೇಲ್ತುದಿ ಸೇರುವಲ್ಲಿ ಹೊರಹೋಗುತ್ತದೆ. ಎರಡು ಕಂಬಗಳಲ್ಲಿ ಗಾಳಿ ಮೇಲಕ್ಕೆ ಹರಿಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ನಡುವಿನ ಮೆಟ್ಟಿಲಿನಲ್ಲಿ ಯಾವ ಕಡೆಗೆ? ಅದು ನಾಲ್ಕೂ ಭಾಗಗಳ ರೋಧದ ಪರಸ್ಪರ ಪ್ರಮಾಣದ ಮೇಲೆ ನಿಂತಿದೆ. ಎಡಗಂಬದ ಮೇಲ್ಭಾಗದಲ್ಲಿ ಚಾವಣಿ ಕುಸಿದರೆ ಮೆಟ್ಟಿಲಿನ ಗಾಳಿ ಎಡದಿಂದ ಬಲಕ್ಕೆ ವಾಲುತ್ತದೆ. ಕೆಳಭಾಗದಲ್ಲಿ ಕುಸಿದರೆ ಬಲದಿಂದ ಎಡಕ್ಕೆ. ಪ್ರಮಾಣ ಸರಿಸಮವಾದರೆ ಗಾಳಿ ಅಲ್ಲಾಡುವುದೇ ಇಲ್ಲ. ವಿಜ್ಞಾನ ಓದಿದವರಿಗೆ ಇದು ವೀಟ್‌ಸ್ಟನ್ ಬ್ರಿಜ್ ಎಂದು ಹೊಳೆದಿರುತ್ತದೆ. ಪ್ರಯೋಗಾಲಯದಲ್ಲಿ ಆ ಸೊನ್ನೆ ಸಿಕ್ಕರೆ ವಿದ್ಯಾರ್ಥಿಗೆ ಸಂತೋಷ. ಗಣಿಯಲ್ಲಿ ಆ ಸೊನ್ನೆಯೆಂದರೆ ನಿಂತ ಗಾಳಿ, ಚಾವಣಿಯಡಿ ಪದರಗಟ್ಟುವ ಮೀಥೇನ್. ಕಾರಣ ಇರುವುದು ಬೇರೆಲ್ಲೋ. ಆ ಸುರಂಗದಲ್ಲಿ ಕೆಲಸ ಮಾಡುವವನಿಗೆ ಅದರ ಸುಳಿವೂ ಇರುವುದಿಲ್ಲ.

ಇಂಥ ಮೆಟ್ಟಿಲುಗಳು ಗಣಿಯೊಂದರಲ್ಲಿ ಹತ್ತಾರು ಇರುತ್ತವೆ. ಹೊಸ ಸುರಂಗ ಕೂಡಿಸಿದರೆ, ಒಂದು ಗೋಡೆ ಒಡೆದರೆ, ಇನ್ನೊಂದು ಮೂಲೆಯಲ್ಲಿ ಏನಾಗುತ್ತದೆ? 20ನೇ ಶತಮಾನದ ನಡುಭಾಗದವರೆಗೂ ಇದಕ್ಕಿದ್ದ ಉತ್ತರ ಎರಡೇ: ಅನುಭವಿಯ ಊಹೆ, ಇಲ್ಲವೇ ಒಡೆದು ನೋಡುವುದು. ಎರಡನೆಯದರಲ್ಲಿ ಪ್ರಯೋಗ ನಡೆಯುತ್ತಿದ್ದದ್ದು ಜನ ಒಳಗಿದ್ದ ಗಣಿಯ ಮೇಲೆಯೇ.

ತಪ್ಪು ಉತ್ತರದಿಂದ ಶುರುಮಾಡುವ ಲೆಕ್ಕ

ದಾರಿ ಗಣಿಯ ಹೊರಗಿನಿಂದ ಬಂತು. 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದ ಗುಸ್ಟಾವ್ ಕಿರ್ಖಾಫ್ ವಿದ್ಯುತ್ ಜಾಲಗಳಿಗೆ ಎರಡು ನಿಯಮ ಹೇಳಿದ್ದ. ಗಾಳಿಗೆ ಹೊಂದಿಸಿ ಹೇಳುವುದಾದರೆ: ಸುರಂಗಗಳು ಕೂಡುವಲ್ಲಿ ಬಂದಷ್ಟು ಗಾಳಿ ಹೋಗಲೇಬೇಕು, ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ ಒತ್ತಡದ ಏರಿಳಿತಗಳ ಮೊತ್ತ ಸೊನ್ನೆಯಾಗಲೇಬೇಕು. ವಿದ್ಯುತ್ತಿಗೆ ಇದು ಸರಳ ಸಮೀಕರಣ. ಗಾಳಿಗೆ ‘ವರ್ಗ’ ಅಡ್ಡಬರುತ್ತದೆ.

1936ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಹಾರ್ಡಿ ಕ್ರಾಸ್ ಎಂಬ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಊರಿನ ನೀರಿನ ಕೊಳವೆ ಜಾಲಗಳಿಗಾಗಿ ಒಂದು ಉಪಾಯ ಪ್ರಕಟಿಸಿದ. ಉತ್ತರ ಗೊತ್ತಿಲ್ಲದಿದ್ದರೆ ಒಂದು ತಪ್ಪು ಉತ್ತರ ಬರೆದುಕೊಳ್ಳಿ, ಎಷ್ಟು ತಪ್ಪು ಎಂದು ಅಳೆಯಿರಿ, ಅಷ್ಟರ ಮಟ್ಟಿಗೆ ತಿದ್ದಿ, ಮತ್ತೆ ಅಳೆಯಿರಿ.

ಒಂದು ಸಣ್ಣ ಉದಾಹರಣೆ ಮಾಡಿಯೇ ನೋಡೋಣ, ಕಾಗದ ಪೆನ್ನು ಸಾಕು. ಸೆಕೆಂಡಿಗೆ 60 ಘನ ಮೀಟರ್ ಗಾಳಿ ಎರಡು ಸುರಂಗಗಳಾಗಿ ಒಡೆದು ಮತ್ತೆ ಕೂಡುತ್ತದೆ. ಒಂದರ ರೋಧ 1, ಇನ್ನೊಂದರದ್ದು 4. ಯಾವುದರಲ್ಲಿ ಎಷ್ಟು ಗಾಳಿ? ಗೊತ್ತಿಲ್ಲ, 30–30 ಎನ್ನೋಣ. ಮೊದಲನೆಯದರ ಒತ್ತಡ 1 × 900 = 900; ಎರಡನೆಯದು 4 × 900 = 3600. ಎರಡೂ ಸಮ ಇರಬೇಕಿತ್ತು, 2700 ವ್ಯತ್ಯಾಸ ಬಂತು. ಕ್ರಾಸ್ ಹೇಳುವಂತೆ ಈ ವ್ಯತ್ಯಾಸವನ್ನು ಪ್ರತಿ ಸುರಂಗದ ರೋಧ ಗುಣಿಸು ಗಾಳಿ, ಇವುಗಳ ಮೊತ್ತದ ಎರಡರಷ್ಟರಿಂದ ಭಾಗಿಸಬೇಕು: 30 + 120 = 150, ಅದರ ಎರಡರಷ್ಟು 300. 2700ನ್ನು 300ರಿಂದ ಭಾಗಿಸಿದರೆ 9. ಅಂದರೆ 9 ಘನ ಮೀಟರನ್ನು ಎರಡನೆಯದರಿಂದ ಮೊದಲನೆಯದಕ್ಕೆ ಸರಿಸಿ: 39 ಮತ್ತು 21. ಈಗ ಒತ್ತಡ 1521 ಮತ್ತು 1764. ವ್ಯತ್ಯಾಸ 243ಕ್ಕೆ ಇಳಿಯಿತು. ಇನ್ನೊಮ್ಮೆ ತಿದ್ದಿದರೆ ಹೆಚ್ಚುಕಡಿಮೆ 1 ಬರುತ್ತದೆ: 40 ಮತ್ತು 20. ಒತ್ತಡ 1600, 1600. ಉತ್ತರ ಸಿಕ್ಕಿತು.

ಎರಡು ಸುರಂಗಕ್ಕೆ ಎರಡು ಸಲ. 200 ಸುರಂಗ, 120 ಕೂಡುಸ್ಥಳ ಇರುವ ಗಣಿಯಲ್ಲಿ ಇಂಥ 81 ಸುತ್ತುಗಳಿರುತ್ತವೆ. ಒಂದನ್ನು ತಿದ್ದಿದರೆ ಅದಕ್ಕೆ ತಾಗಿದ ಪಕ್ಕದ್ದು ಕೆಡುತ್ತದೆ. ಎಲ್ಲವನ್ನೂ ಮತ್ತೆ ಮತ್ತೆ ತಿದ್ದಬೇಕು. 1951ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸ್ಕಾಟ್ ಮತ್ತು ಹಿನ್ಸ್ಲಿ ಕ್ರಾಸ್‌ನ ವಿಧಾನವನ್ನು ಗಣಿಯ ಫ್ಯಾನ್, ಸಹಜ ಒತ್ತಡಗಳಿಗೆ ಹೊಂದಿಸಿ ಪ್ರಕಟಿಸಿದರು. ಕೈಯಲ್ಲಿ ಮಾಡಿದರೆ ದಿನಗಟ್ಟಲೆ, ವಾರಗಟ್ಟಲೆ ಹಿಡಿಯುವ ಲೆಕ್ಕ.

ಇದೇ ಹೊತ್ತಿನಲ್ಲಿ ಇನ್ನೊಂದು ಪ್ರಯತ್ನವೂ ನಡೆಯಿತು. ಗಣಿಯನ್ನೇ ವಿದ್ಯುತ್ ಮಂಡಲವಾಗಿ ಕಟ್ಟಿಬಿಡುವುದು. ಸುರಂಗಕ್ಕೊಂದು ರೆಸಿಸ್ಟರ್, ಫ್ಯಾನಿಗೆ ಬ್ಯಾಟರಿ, ಗಾಳಿಗೆ ಬದಲು ಕರೆಂಟು. ಆದರೆ ಸಾಮಾನ್ಯ ರೆಸಿಸ್ಟರಿಗೆ ‘ವರ್ಗ’ ಗೊತ್ತಿಲ್ಲ. ಕರೆಂಟು ಎರಡರಷ್ಟಾದರೆ ವೋಲ್ಟೇಜೂ ಎರಡರಷ್ಟೇ. ಅದಕ್ಕೆ ಗುಬುಟು ತಿರುಗಿಸಿ ತಿರುಗಿಸಿ ಹೊಂದಿಸಬೇಕಿತ್ತು. ಇನ್ನು ಕೆಲವರು ಬಲ್ಬಿನ ಟಂಗ್‌ಸ್ಟನ್ ತಂತಿ ಬಳಸಿದರು. ಕರೆಂಟು ಹೆಚ್ಚಿದಂತೆ ತಂತಿ ಕಾಯುತ್ತದೆ, ಕಾಯ್ದಂತೆ ಅದರ ರೋಧವೂ ಏರುತ್ತದೆ. ಹಾಗಾಗಿ ವೋಲ್ಟೇಜು ಸುಮಾರಾಗಿ ವರ್ಗದಂತೆಯೇ ನಡೆಯುತ್ತದೆ. ಗಾಳಿಯ ಸ್ವಭಾವವನ್ನು ಅನುಕರಿಸಲು ದೀಪದ ತಂತಿ ಒದಗಿಬಂತು.

1960ರ ದಶಕದಲ್ಲಿ ಡಿಜಿಟಲ್ ಕಂಪ್ಯೂಟರು ಈ ಎಲ್ಲವನ್ನೂ ಬದಿಗೆ ಸರಿಸಿತು. ಬ್ರಿಟನ್ನಿನಲ್ಲಿ ಮಾಲ್ಕಮ್ ಮೆಕ್‌ಫರ್ಸನ್, ಅಮೆರಿಕದಲ್ಲಿ ವಾಂಗ್, ಹಾರ್ಟ್‌ಮನ್ ಮೊದಲಾದವರು ಅದೇ ತಿದ್ದುವ ವಿಧಾನವನ್ನು ಪ್ರೋಗ್ರಾಮಾಗಿ ಬರೆದರು. ಬೇಸರಿಸಿಕೊಳ್ಳದೆ ಸಾವಿರ ಸಲ ತಿದ್ದುವುದು ಯಂತ್ರಕ್ಕೆ ಹೇಳಿಮಾಡಿಸಿದ ಕೆಲಸ. ಮೊದಲು ಪಂಚ್ ಕಾರ್ಡಿನ ಕಟ್ಟು ಹೊತ್ತು ದೊಡ್ಡ ಕಂಪ್ಯೂಟರಿನ ಬಾಗಿಲಲ್ಲಿ ಕಾಯಬೇಕಿತ್ತು. 1980ರ ದಶಕದ ಹೊತ್ತಿಗೆ ಗಣಿಯ ಕಚೇರಿಯ ಮೇಜಿನ ಮೇಲೇ ಲೆಕ್ಕ ಮುಗಿಯತೊಡಗಿತು. ಇವತ್ತು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ‘ಈ ಗೋಡೆ ಒಡೆದರೆ ಏನಾಗುತ್ತದೆ?’ ಎಂಬ ಪ್ರಶ್ನೆಯನ್ನು, ಒಳಗಿರುವ ಯಾರ ಪ್ರಾಣವನ್ನೂ ಪಣಕ್ಕಿಡದೆ ಕೇಳುವುದು ಮೊದಲ ಬಾರಿಗೆ ಸಾಧ್ಯವಾಯಿತು.

ನಮ್ಮ ನೆಲದಡಿ

ಭಾರತದ ಕಲ್ಲಿದ್ದಲು ಚರಿತ್ರೆಯಲ್ಲಿ ಗಾಳಿಯ ಅಧ್ಯಾಯ ಕಹಿಯಾದದ್ದು. 1936ರಲ್ಲಿ ಪೊಯ್ಡಿಹ್ ಗಣಿಯಲ್ಲಿ 209 ಜನ, 1958ರ ಫೆಬ್ರವರಿಯಲ್ಲಿ ಅಸನ್ಸೋಲ್ ಬಳಿಯ ಚಿನಾಕುರಿಯಲ್ಲಿ 170ಕ್ಕೂ ಹೆಚ್ಚು ಜನ, 1965ರ ಮೇ 28ರಂದು ಧೋರಿಯಲ್ಲಿ 268 ಜನ ಸ್ಫೋಟಗಳಿಗೆ ಬಲಿಯಾದರು. 1975ರ ಚಾಸ್ನಾಲಾ ದುರಂತ ಹಿಂದಿ ಸಿನಿಮಾದ ಮೂಲಕ ಜನರ ನೆನಪಿನಲ್ಲಿ ಉಳಿದಿದೆ, ಆದರೆ ಅದು ನೀರು ನುಗ್ಗಿ ಆದದ್ದು. ಗಾಳಿ ಕೊಂದವರಿಗೆ ಅಂಥ ಸಿನಿಮಾ ಸಿಗಲಿಲ್ಲ. 1994ರ ಜನವರಿ 25ರಂದು ರಾಣಿಗಂಜ್ ಪ್ರದೇಶದ ನ್ಯೂ ಕೆಂಡಾ ಗಣಿಯಲ್ಲಿ ಬೆಂಕಿ ಬಿದ್ದಾಗ 55 ಜನ ಸತ್ತರು. ಅವರನ್ನು ಕೊಂದದ್ದು ಬೆಂಕಿಯ ವಿಷಾನಿಲ. ಉಸಿರು ತರುವ ಗಾಳಿಯ ದಾರಿಗಳೇ ಹೊಗೆಗೂ ದಾರಿ. ಯಾವ ಸುರಂಗದಲ್ಲಿ ಬೆಂಕಿ ಬಿದ್ದರೆ ಹೊಗೆ ಎಷ್ಟು ನಿಮಿಷದಲ್ಲಿ ಎಲ್ಲಿ ತಲುಪುತ್ತದೆ, ಜನ ಯಾವ ದಾರಿಯಲ್ಲಿ ಓಡಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿಡುವುದು ಈ ಮಾದರಿಗಳ ಬಹು ಮುಖ್ಯ ಕೆಲಸ ಎಂದು ನಾನು ತಿಳಿದಿದ್ದೇನೆ.

ನಮ್ಮ ಕಾನೂನು ಗಾಳಿಗೆ ಅಂಕಿ ಕೊಟ್ಟಿದೆ. ಹೆಚ್ಚು ಜನರಿರುವ ಪಾಳಿಯಲ್ಲಿ ತಲೆಗೆ ನಿಮಿಷಕ್ಕೆ 6 ಘನ ಮೀಟರ್, ಅಥವಾ ದಿನದ ಉತ್ಪಾದನೆಯ ಪ್ರತಿ ಟನ್ನಿಗೆ 2.5 ಘನ ಮೀಟರ್, ಯಾವುದು ಹೆಚ್ಚೋ ಅಷ್ಟು. ಹೊರಹೋಗುವ ಗಾಳಿಯಲ್ಲಿ ಮೀಥೇನ್ ಶೇ. 0.75 ಮೀರಬಾರದು, ಗಣಿಯ ಬೇರೆಲ್ಲೇ ಆದರೂ ಶೇ. 1.25 ಮೀರಬಾರದು. ಹಾಗಾದರೆ ದೊಡ್ಡ ಫ್ಯಾನ್ ಹಾಕಿ ಗಾಳಿ ತುಂಬಿದರಾಯಿತಲ್ಲ ಎನಿಸಬಹುದು. ಹಾಗಲ್ಲ. ನಮ್ಮ ಅನೇಕ ಕಲ್ಲಿದ್ದಲು ಪದರಗಳು ಗಾಳಿ ತಾಗಿದರೆ ತಾವಾಗಿಯೇ ಕಾವೇರಿ ಹೊತ್ತಿಕೊಳ್ಳುವಂಥವು. ಝರಿಯಾದಲ್ಲಿ 1916ರಲ್ಲಿ ಕಾಣಿಸಿದ ನೆಲದಡಿಯ ಬೆಂಕಿ ಶತಮಾನ ಕಳೆದರೂ ಆರಿಲ್ಲ. ಒತ್ತಡ ಹೆಚ್ಚಿಸಿದರೆ, ಕಲ್ಲಿದ್ದಲು ತೆಗೆದು ಮುಚ್ಚಿಬಿಟ್ಟ ಜಾಗಗಳ ಬಿರುಕಿನಲ್ಲಿ ಗಾಳಿ ಸೋರಿ ಅಲ್ಲಿ ಉಳಿದ ಕಲ್ಲಿದ್ದಲನ್ನು ಬಿಸಿ ಮಾಡುತ್ತದೆ. ಕಡಿಮೆಯಾದರೆ ಸ್ಫೋಟದ ಭಯ, ಹೆಚ್ಚಾದರೆ ಬೆಂಕಿಯ ಭಯ. ಈ ಎರಡರ ನಡುವಿನ ಕಿರುದಾರಿಯನ್ನು ಅಂದಾಜಿನಲ್ಲಿ ಹಿಡಿಯಲಾಗದು.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ನಮಗೆ ಗೊತ್ತಿರುವ ಆಳದ ಗಣಿ ಕೋಲಾರದ ಚಿನ್ನದ್ದು. ಅಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು, ಬಂಡೆಯ ಕಾವೇ ಶತ್ರುವಾಗಿತ್ತು, ಗಾಳಿಯನ್ನು ತಂಪು ಮಾಡಿ ಕಳಿಸಬೇಕಾಗಿತ್ತು. ಆದರೆ ಕಲ್ಲಿದ್ದಲಿಗೂ ನಮಗೂ ಸಂಬಂಧವಿಲ್ಲ ಎನ್ನುವಂತಿಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿಯಿಂದ ಕಲ್ಲಿದ್ದಲು ಬರುತ್ತದೆ. ದೇಶದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಕಲ್ಲಿದ್ದಲು ಈಗ ತೆರೆದ ಗಣಿಗಳದ್ದು. ಉಳಿದದ್ದಕ್ಕಾಗಿ ಸಿಂಗರೇಣಿಯಲ್ಲೂ ರಾಣಿಗಂಜ್‌ನಲ್ಲೂ ಪ್ರತಿ ಪಾಳಿಯಲ್ಲೂ ಜನ ಕೆಳಗಿಳಿಯುತ್ತಾರೆ.

ಮಾದರಿಗೆ ಗೊತ್ತಿಲ್ಲದ್ದು

ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ. ಆದರೆ ಪ್ರತಿ ಗೆರೆಯ ಪಕ್ಕದ ಸಂಖ್ಯೆ ಎಲ್ಲಿಂದ ಬಂತು? ಯಾರೋ ಒಬ್ಬರು ಅನಿಮೋಮೀಟರ್ ಎಂಬ ಪುಟ್ಟ ಗಾಳಿಚಕ್ರ ಹಿಡಿದು ಸುರಂಗದ ಅಗಲಕ್ಕೂ ಎತ್ತರಕ್ಕೂ ಕೈಯಾಡಿಸಿ ಗಾಳಿಯ ವೇಗ ಅಳೆದಿರಬೇಕು. ಇನ್ನೊಬ್ಬರು ಒತ್ತಡ ಅಳೆದಿರಬೇಕು. ಗಣಿ ದಿನವೂ ಬದಲಾಗುತ್ತದೆ: ಚಾವಣಿ ತಗ್ಗುತ್ತದೆ, ನೆಲ ಉಬ್ಬುತ್ತದೆ, ಗೋಡೆ ಸೋರುತ್ತದೆ, ದಾರಿಯಲ್ಲಿ ಯಾರೋ ಗಾಡಿ ನಿಲ್ಲಿಸಿರುತ್ತಾರೆ. ಕಳೆದ ವರ್ಷದ ಅಳತೆಯನ್ನು ಕೊಟ್ಟರೆ ಯಂತ್ರ ಕಳೆದ ವರ್ಷದ ಗಣಿಗೆ ನಿಖರವಾದ ಉತ್ತರ ಕೊಡುತ್ತದೆ.

2010ರ ಏಪ್ರಿಲ್ 5ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ ಸ್ಫೋಟವಾಗಿ 29 ಜನ ಸತ್ತರು. ಕಂಪ್ಯೂಟರಿಗೂ ತಜ್ಞರಿಗೂ ಕೊರತೆಯಿಲ್ಲದ ದೇಶ, ಸೂತ್ರ ಬಂದು ನೂರೈವತ್ತು ವರ್ಷ ದಾಟಿದ ಕಾಲ. ತನಿಖೆಗಳು ಕಂಡುಕೊಂಡದ್ದು: ಗಾಳಿ ಸಂಚಾರ ಕೆಟ್ಟಿತ್ತು, ಗಾಳಿಯ ದಾರಿಗಳನ್ನು ಶಾಶ್ವತವಾಗಿ ಬೇರ್ಪಡಿಸುವ ಬದಲು ಬಾಗಿಲುಗಳನ್ನು ನೆಚ್ಚಿಕೊಂಡಿದ್ದರು, ಅಪಾಯಗಳನ್ನು ದಾಖಲಿಸಲು ಕಂಪನಿ ಎರಡು ಬೇರೆ ಬೇರೆ ಪುಸ್ತಕ ಇಟ್ಟಿತ್ತು, ಒಂದು ತನಗೆ, ಇನ್ನೊಂದು ಸರ್ಕಾರಕ್ಕೆ.

ಆ ‘ಬಾಗಿಲು’ ಎಂಬ ಪದ ಓದಿದಾಗ ನನಗೆ 1842ರ ವರದಿ ನೆನಪಾಯಿತು. ಆ ವರ್ಷದ ಕಾನೂನು ಹೆಂಗಸರನ್ನೂ ಹೆಣ್ಣುಮಕ್ಕಳನ್ನೂ ಹತ್ತು ವರ್ಷದ ಕೆಳಗಿನ ಹುಡುಗರನ್ನೂ ಗಣಿಯಿಂದ ಹೊರಗಿಟ್ಟಿತು. ಬಾಗಿಲು ಅಲ್ಲೇ ಉಳಿಯಿತು. ಅದರ ಬಳಿ ಕೂರುವವರು ಬದಲಾದರು, ಆಮೇಲೆ ಅದು ಸೂತ್ರದೊಳಗೆ ಬಂತು, ಕೊನೆಗೆ ಪರದೆಯ ಮೇಲೆ ಗೆರೆಯಾಯಿತು. ಆ ಬಾಗಿಲು ಮುಚ್ಚಿದೆ ಎಂದು ಯಾರು ನೋಡಿಬಂದರು, ನೋಡಿದ್ದನ್ನು ಹಾಗೆಯೇ ಬರೆಯಲು ಅವರಿಗೆ ಅವಕಾಶವಿತ್ತೇ ಎಂಬುದು ಮಾತ್ರ ಇವತ್ತಿಗೂ ಸೂತ್ರದ ಹೊರಗಿದೆ. ಗಣಿಯ ಮಾದರಿ ಸರಿಯಿದೆಯೇ ಎಂದು ಪರೀಕ್ಷಿಸುವಾಗ ನಾವು ಸಮೀಕರಣಗಳನ್ನು ನೋಡುತ್ತೇವೆ. ಅಳತೆಯ ಪುಸ್ತಕ ಬರೆಯುವ ಕೆಳಹಂತದ ನೌಕರ, ಕೆಟ್ಟ ಅಂಕಿ ಬಂದ ದಿನ ಅದನ್ನೇ ಬರೆದು ಮನೆಗೆ ಹೋಗಬಲ್ಲನೇ ಎಂದೂ ಅದರ ಜೊತೆಗೇ ವಿಚಾರಿಸಬೇಕು.